ಶತಮಾನೋತ್ಸವ ಸಂಚಿಕೆಯಲ್ಲಿ ಮಕ್ಕಳೆಲ್ಲಿ?

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿ ಶಾಲೆಗಳಿಗೆ ಒಂದೊಂದಾಗಿ ನೂರು ತುಂಬುತ್ತಿದೆ. ಶಾಮಿಯಾನ, ಹಳೆ ವಿದ್ಯಾರ್ಥಿಗಳ ಊಟ, ಕೊನೆಗೊಂದು ಸ್ಮರಣ ಸಂಚಿಕೆ. ಸಂಚಿಕೆ ಬಿಡಿಸಿದರೆ ಮುಂದಿನ ಪುಟಗಳಲ್ಲಿ ಗಣ್ಯರ ಶುಭಾಶಯ, ಹಿಂದಿನ ಪುಟಗಳಲ್ಲಿ ಗೊಬ್ಬರದಂಗಡಿ, ಕಲ್ಯಾಣ ಮಂಟಪಗಳ ಜಾಹೀರಾತು, ನಡುವೆ ‘ನಮ್ಮೂರು ಹೊಯ್ಸಳರ ಕಾಲದ್ದು’ ಎಂಬ ಒಂದು ಲೇಖನ. ನೂರು ವರ್ಷ ಆ ಕಪ್ಪು ಹಲಗೆಯ ಮುಂದೆ ಕೂತು ಎದ್ದು ಹೋದ ಮಕ್ಕಳು ಮಾತ್ರ ಎಲ್ಲೂ ಸಿಗುವುದಿಲ್ಲ. ಅವರನ್ನು ಹುಡುಕುವುದು ಅಂಥ ಕಷ್ಟವೇನಲ್ಲ. ಸಂಚಿಕೆ ಸಮಿತಿಗಳವರ ಕಣ್ಣಿಗೆ ಬೀಳಲಿ ಎಂದು ಈ ಪತ್ರ.

ಈ ಕೆಲಸದಲ್ಲಿ ಪಳಗಿದವರು ಇಂಗ್ಲೆಂಡಿನ ಹಳ್ಳಿಯವರು. ಅಲ್ಲಿ ಕಾಗದಪತ್ರ ಹೇರಳ. 1538ರ ಆಜ್ಞೆಯ ನಂತರ ಊರೂರ ಚರ್ಚಿನಲ್ಲಿ ಹುಟ್ಟಿದ ಕೂಸಿನ ದೀಕ್ಷೆ, ಮದುವೆ, ಮಣ್ಣು ಮಾಡಿದ್ದು ಎಲ್ಲಕ್ಕೂ ಪುಸ್ತಕ ಇಟ್ಟರು. 1836ರ ಕಾಯ್ದೆಯಿಂದ ಚರ್ಚಿಗೆ ಸಲ್ಲುವ ದಶಾಂಶವನ್ನು, ಅಂದರೆ ಬೆಳೆಯ ಹತ್ತನೇ ಒಂದು ಪಾಲನ್ನು, ನಗದಿಗೆ ತಿರುಗಿಸುವಾಗ ಹೊಲ ಹೊಲಕ್ಕೂ ನಂಬರು ಕೊಟ್ಟು, ಮಾಲೀಕ ಯಾರು, ಉಳುವವ ಯಾರು, ಹೊಲದ ಹೆಸರೇನು ಎಂದು ಬರೆದರು. ನಮ್ಮ ಗ್ರಾಮ ನಕಾಶೆ, ಆಕಾರಬಂದ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ ಹಾಗೆ. ಆದರೆ ಇವೆಲ್ಲ ದೊಡ್ಡವರ ಲೆಕ್ಕ. ಮಕ್ಕಳ ಸುದ್ದಿ ಬೇಕಾದವರು ಅಲ್ಲಿ ಮೊದಲು ಕೇಳುವುದು ಶಾಲೆಯ ದಿನಚರಿ ಪುಸ್ತಕವನ್ನು.

ಆ ಪುಸ್ತಕ ಅಷ್ಟು ಚೆನ್ನಾಗಿ ಉಳಿದದ್ದಕ್ಕೆ ಕಾರಣ ಹಣ. 1862ರಲ್ಲಿ ಅಲ್ಲಿನ ಸರ್ಕಾರ ಹೊಸ ನಿಯಮ ತಂದಿತು: ಮಕ್ಕಳ ಹಾಜರಿ ಎಷ್ಟು, ಇನ್‌ಸ್ಪೆಕ್ಟರ್ ಬಂದು ಕೇಳಿದಾಗ ಓದು, ಬರಹ, ಲೆಕ್ಕದಲ್ಲಿ ಎಷ್ಟು ಮಂದಿ ಪಾಸು ಎಂಬುದನ್ನು ನೋಡಿ ಶಾಲೆಗೆ ಅನುದಾನ. ಹಾಗಾಗಿ ಹೆಡ್‌ಮೇಷ್ಟರು ಮಕ್ಕಳು ಯಾಕೆ ಬರಲಿಲ್ಲ ಎಂಬುದನ್ನು ತಪ್ಪದೆ ಬರೆದಿಡತೊಡಗಿದರು. ಕೆಂಟ್ ಕಡೆ ಸೆಪ್ಟೆಂಬರಿನಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂ ಕೀಳಲು ಹೋದರು, ಅಕ್ಟೋಬರಿನಲ್ಲಿ ಆಲೂಗಡ್ಡೆ ಆಯಲು ಹೋದರು, ಬಿತ್ತಿದ ಹೊಲದಲ್ಲಿ ಹಕ್ಕಿ ಓಡಿಸಲು ನಿಂತರು, ದಡಾರ ಬಂದು ಶಾಲೆ ಮುಚ್ಚಿತು. ತಮ್ಮ ಸಂಬಳಕ್ಕೆ ಸಂಚಕಾರ ಬಾರದಿರಲೆಂದು ಬರೆದದ್ದು ಇಂದು ಊರಿನ ಚರಿತ್ರೆಯಾಗಿ ಕೂತಿದೆ.

ಕಾಗದ ಒಂದೇ ಸಾಲದು, ನೆನಪು ಒಂದೇ ಸಾಲದು ಎಂಬುದಕ್ಕೆ ಅಲ್ಲಿಯದೇ ಒಂದು ಒಳ್ಳೆಯ ಉದಾಹರಣೆಯಿದೆ. 1917ರ ಶರತ್ಕಾಲದಲ್ಲಿ ಅಲ್ಲಿನ ಹಳ್ಳಿ ಮಕ್ಕಳು ರಾಶಿ ರಾಶಿ ಹಾರ್ಸ್ ಚೆಸ್ಟ್‌ನಟ್ ಕಾಯಿ ಆಯ್ದರು. ದಾರಕ್ಕೆ ಪೋಣಿಸಿ ಒಬ್ಬರ ಕಾಯಿಗೆ ಇನ್ನೊಬ್ಬರು ಹೊಡೆದು ಒಡೆಯುವ ಆಟಕ್ಕೆ ಬಳಸುವ ಕಾಯಿ ಅದು, ತಿನ್ನಲು ಬಾರದು. ಆಯ್ದದ್ದು ಮಕ್ಕಳಿಗೆ ನೆನಪಿತ್ತು, ಏಕೆಂದು ಗೊತ್ತಿರಲಿಲ್ಲ. ಕಾರಣವನ್ನು ಸರ್ಕಾರ ಗುಟ್ಟಾಗಿಟ್ಟಿತ್ತು. ತೋಪಿನ ಮದ್ದಾದ ಕಾರ್ಡೈಟ್ ತಯಾರಿಸಲು ಅಸಿಟೋನ್ ಬೇಕಿತ್ತು, ಅದನ್ನು ತೆಗೆಯುತ್ತಿದ್ದ ಮೆಕ್ಕೆಜೋಳಕ್ಕೆ ಯುದ್ಧದಿಂದ ಕೊರತೆ ಬಿದ್ದಿತ್ತು. ಕಾಯಿಯ ಪಿಷ್ಟದಿಂದ ತೆಗೆಯೋಣವೆಂದು ಹೊರಟರು. ಸಾಗಿಸಲು ಗಾಡಿ ಸಾಲದೆ ಎಷ್ಟೋ ಕಾಯಿ ರೈಲು ನಿಲ್ದಾಣಗಳಲ್ಲೇ ಕೊಳೆಯಿತು. ಕಿಂಗ್ಸ್ ಲಿನ್‌ನ ಕಾರ್ಖಾನೆ 1918ರ ಏಪ್ರಿಲ್‌ನಲ್ಲಿ ಕೆಲಸ ಶುರುಮಾಡಿ ಜುಲೈಗೆ ನಿಲ್ಲಿಸಿತು, ಏಕೆಂದರೆ ಆ ಕಾಯಿ ಅದಕ್ಕೆ ಒಗ್ಗಲೇ ಇಲ್ಲ. ‘ಚಿಕ್ಕವರಿದ್ದಾಗ ಮೂಟೆಗಟ್ಟಲೆ ಕಾಯಿ ಆಯ್ದು ಕೊಟ್ಟೆವು’ ಎಂಬ ಅಜ್ಜಿಯ ಮಾತು, ಮದ್ದುಗುಂಡಿನ ಇಲಾಖೆಯ ಕಡತ, ಎರಡೂ ಒಂದು ಕಡೆ ಬಂದಾಗಲೇ ಕಥೆ ಪೂರ್ತಿಯಾಯಿತು.

ಈಗ ನಮ್ಮ ಶಾಲೆಗೆ ಬನ್ನಿ. ಬೀರುವಿನಲ್ಲಿ ಕೇಳಬೇಕಾದ್ದು ಮೂರು: ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಇನ್‌ಸ್ಪೆಕ್ಟರ್ ಬಂದಾಗ ಬರೆಯುತ್ತಿದ್ದ ಭೇಟಿ ಪುಸ್ತಕ. ದಾಖಲಾತಿ ಪುಸ್ತಕದಲ್ಲಿ ಎಲ್ಲರೂ ನೋಡುವುದು ಹೆಸರು, ಹುಟ್ಟಿದ ತಾರೀಖು. ಚಿನ್ನ ಇರುವುದು ಬಲತುದಿಯಲ್ಲಿ, ‘ಶಾಲೆ ಬಿಟ್ಟ ಕಾರಣ’ ಎಂಬ ಅಂಕಣದಲ್ಲಿ. ಹತ್ತು ಹತ್ತು ವರ್ಷಕ್ಕೆ ಒಂದೊಂದು ಹಾಳೆ ಮಾಡಿಕೊಂಡು ಸೇರಿದ ಹುಡುಗರೆಷ್ಟು, ಹುಡುಗಿಯರೆಷ್ಟು, ಎಷ್ಟನೇ ಕ್ಲಾಸಿಗೆ ಬಿಟ್ಟರು, ಏನು ಕಾರಣ ಎಂದು ಗೆರೆ ಹಾಕಿ ಎಣಿಸಿ. ಹೆಣ್ಣುಮಕ್ಕಳು ಐದನೇ ಕ್ಲಾಸು ದಾಟಿದ ದಶಕ ಯಾವುದು ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕೀತು. ಹಾಜರಿ ಪುಸ್ತಕ ಉಳಿದಿದ್ದರೆ ತಿಂಗಳುವಾರು ನೋಡಿ. ಹಾಸನದ ಸುತ್ತ ಮುಂಗಾರಿನಲ್ಲಿ ಹಾಕಿದ ಆಲೂಗಡ್ಡೆ ಅಗೆಯುವ ಆಗಸ್ಟ್, ಸೆಪ್ಟೆಂಬರಿನಲ್ಲಿ ಹಾಜರಿ ಕುಸಿದಿದೆಯೇ? ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕುಯ್ಲಿನ ಡಿಸೆಂಬರ್, ಜನವರಿಯಲ್ಲಿ ಹೇಗಿದೆ? ಇಂಗ್ಲೆಂಡಿನ ಮೇಷ್ಟರು ಬರೆದ ಆಲೂಗಡ್ಡೆ ನಮ್ಮ ಹಾಜರಿ ಪುಸ್ತಕದಲ್ಲೂ ಅಡಗಿ ಕೂತಿರಬಹುದು.

ಎಚ್ಚರ ಬೇಕಾದ ಕಡೆಗಳೂ ಇವೆ. ಜೂನ್ 1 ಎಂಬ ಹುಟ್ಟಿದ ದಿನ ಸಾಲು ಸಾಲಾಗಿ ಕಂಡರೆ ಅದು ಮೇಷ್ಟರು ಹಾಕಿಕೊಟ್ಟ ತಾರೀಖು. ಅದನ್ನು ನಂಬಿ ವಯಸ್ಸು ಲೆಕ್ಕ ಹಾಕಿದರೆ ಎರಡು ಮೂರು ವರ್ಷ ಆಚೀಚೆ ಆಗುತ್ತದೆ. ಇನ್ನು ಜಾತಿಯ ಅಂಕಣವನ್ನೂ ಬದುಕಿರುವವರ ಹೆಸರಿನ ಮುಂದಿನ ವಿವರಗಳನ್ನೂ ಸಂಚಿಕೆಯಲ್ಲಿ ಅಚ್ಚು ಹಾಕಬೇಡಿ, ಎಣಿಕೆ ಕೊಟ್ಟರೆ ಸಾಕು. ಇಂಗ್ಲೆಂಡಿನಲ್ಲಿ ಜನಗಣತಿಯ ಹೆಸರು ಹೆಸರಿನ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ. 1921ರದ್ದು ತೆರೆದದ್ದು 2022ರ ಜನವರಿಯಲ್ಲಿ. 1931ರದ್ದು ಎಂದಿಗೂ ತೆರೆಯುವುದಿಲ್ಲ, 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. ನಮ್ಮಲ್ಲಿ ಬೆಂಕಿಗಿಂತ ಗೆದ್ದಲು, ಸೋರುವ ಹೆಂಚು, ಶಾಲೆ ವಿಲೀನವಾದಾಗ ಅನಾಥವಾಗುವ ಬೀರು ಹೆಚ್ಚು ಅಪಾಯ. ಹೆಡ್‌ಮೇಷ್ಟರ ಅನುಮತಿ ಪಡೆದು, ಪುಸ್ತಕ ಶಾಲೆಯಿಂದ ಹೊರಗೆ ಒಯ್ಯದೆ, ಕಿಟಕಿ ಪಕ್ಕದ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಫ್ಲಾಶ್ ಬೇಡ, ಹಳೆ ಶಾಯಿ ಹೊಳೆದು ಅಕ್ಷರ ಕಾಣುವುದಿಲ್ಲ. ಮೊದಲು ರಟ್ಟು, ಆಮೇಲೆ ಖಾಲಿ ಹಾಳೆಯೂ ಬಿಡದಂತೆ ಕ್ರಮವಾಗಿ. ಒಂದು ಪುಟ ಬಿಟ್ಟು ಹೋದರೆ ಮನೆಗೆ ಬಂದ ಮೇಲೆ ಯಾವುದು ಎಂದು ತಿಳಿಯುವ ಬಗೆಯೇ ಇಲ್ಲ.

ಹಿರಿಯರನ್ನು ಮಾತಾಡಿಸುವಾಗ ‘ಆಗಿನ ಕಾಲ ಹೇಗಿತ್ತು’ ಎಂದು ಮಾತ್ರ ಕೇಳಬೇಡಿ. ‘ಚೆನ್ನಾಗಿತ್ತಪ್ಪ, ಈಗೇನಿದೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ವಸ್ತು ಹಿಡಿದು ಕೇಳಿ. ಸ್ಲೇಟು ಕಪ್ಪಾಗಲು ಏನು ತಿಕ್ಕುತ್ತಿದ್ದಿರಿ, ಇದ್ದಿಲೋ ತೊಂಡೆಸೊಪ್ಪೋ? ಬುತ್ತಿ ಯಾವುದರಲ್ಲಿ ಕಟ್ಟುತ್ತಿದ್ದರು? ಅಳಿಗುಳಿಮಣೆಯಲ್ಲಿ ಗುಳಿ ಎಷ್ಟು, ಗುಳಿಗೆ ಕಾಳು ಎಷ್ಟು, ಹುಣಸೆಬೀಜವೋ ಬೇರೆಯೋ, ಕಾಳು ಸಾಲದೆ ಬಂದವರ ಗುಳಿಗೆ ಏನು ಹೆಸರು? ಮಣೆಯನ್ನು ಮುಂದಿಟ್ಟು ಆಡಲು ಹೇಳಿದರೆ ಇನ್ನೂ ಒಳ್ಳೆಯದು. ಕೈ ಆಡಿದಂತೆ ಬಾಯಿಗೆ ಮಾತು ಬರುತ್ತದೆ. ಎಲ್ಲಕ್ಕಿಂತ ಫಲ ಕೊಡುವ ಪ್ರಶ್ನೆ ಒಂದೇ: ‘ಮನೆಯಿಂದ ಶಾಲೆಗೆ ಯಾವ ದಾರೀಲಿ ಹೋಗ್ತಿದ್ರಿ?’ ನಡೆಯಲು ಆಗುವವರನ್ನು ಕರೆದುಕೊಂಡು ಅದೇ ದಾರಿಯಲ್ಲಿ ಹೋಗಿ. ಕಡಿದುಹೋದ ಹಿಪ್ಪೆಮರ, ಮುಚ್ಚಿಹೋದ ಬಾವಿ, ರಾತ್ರಿ ಹೆದರುತ್ತಿದ್ದ ವೀರಗಲ್ಲು, ಯಾರ ಮನೆ ಮುಂದೆ ಚಪ್ಪಲಿ ಕೈಗೆತ್ತಿಕೊಳ್ಳಬೇಕಿತ್ತು, ಯಾರಿಗೆ ಬಾವಿಕಟ್ಟೆ ಹತ್ತಲು ಬಿಡುತ್ತಿರಲಿಲ್ಲ, ಎಲ್ಲ ತಾನಾಗಿ ಬರುತ್ತದೆ. ಈ ಕೊನೆಯದನ್ನು ಸಂಚಿಕೆಯವರು ಸಾಮಾನ್ಯವಾಗಿ ಕತ್ತರಿಸುತ್ತಾರೆ. ಕತ್ತರಿಸಬೇಡಿ.

ಅರಳಿಕಟ್ಟೆಯ ಮೇಲೆ ಐದು ಜನರನ್ನು ಕೂರಿಸಿ ಕೇಳಿದರೆ ದೊಡ್ಡ ದನಿಯ ಒಬ್ಬರು ಹೇಳುತ್ತಾರೆ, ಉಳಿದವರು ಹೂಂ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿ. ಹೆಂಗಸರ ವಿಷಯದಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಎಂಬತ್ತು ವರ್ಷದ ಅಜ್ಜಿ ಈ ಊರಿನಲ್ಲಿ ಅರವತ್ತು ವರ್ಷದಿಂದ ಇದ್ದರೂ ಅವರ ಬಾಲ್ಯ ತವರೂರಿನದು. ಅದನ್ನು ನಿಮ್ಮೂರ ಲೆಕ್ಕಕ್ಕೆ ಬರೆದರೆ ಎರಡೂ ಊರಿನ ಚರಿತ್ರೆ ಕೆಡುತ್ತದೆ. ತವರಿನ ಹೆಸರು ಹಾಕಿ ಬರೆದು ಆ ಊರಿನವರಿಗೂ ಒಂದು ಪ್ರತಿ ಕಳಿಸಿ. ಮೊಬೈಲಿನಲ್ಲಿ ಧ್ವನಿ ಹಿಡಿಯುವಾಗ ಏರೋಪ್ಲೇನ್ ಮೋಡಿಗೆ ಹಾಕಿ, ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಫ್ಯಾನು ಆರಿಸಿ, ಫೋನನ್ನು ಮಡಿಸಿದ ಟವೆಲಿನ ಮೇಲಿಡಿ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ಐದಾರು ಗಂಟೆ ಹಿಡಿಯುತ್ತದೆ, ಆದ್ದರಿಂದ ಇಪ್ಪತ್ತು ಜನರ ಮಾತು ಹಿಡಿದು ಬಿಡುವುದಕ್ಕಿಂತ ಆರು ಜನರದ್ದನ್ನು ಪೂರ್ತಿ ಬರೆಯುವುದು ಮೇಲು. ಅವರು ‘ಇಸ್ಕೂಲು’ ಎಂದರೆ ‘ಇಸ್ಕೂಲು’ ಎಂದೇ ಬರೆಯಿರಿ.

ಇಸವಿ ಯಾರಿಗೂ ನೆನಪಿರುವುದಿಲ್ಲ, ಸಂವತ್ಸರ ನೆನಪಿರುತ್ತದೆ. ಅದು ಅರವತ್ತಕ್ಕೊಮ್ಮೆ ಮರಳುತ್ತದೆ ಎಂಬುದನ್ನು ಮರೆತವರು ಎಡವುತ್ತಾರೆ. ತೊಂಬತ್ತು ದಾಟಿದ ಅಜ್ಜ ‘ಧಾತು ವರ್ಷದ ಬರ’ ಎಂದರೆ ಅದು ಅವರು ಅಜ್ಜಿಯ ಬಾಯಲ್ಲಿ ಕೇಳಿದ 1876ರ ಕ್ಷಾಮವೇ ಹೊರತು 1936ರ ಧಾತು ಅಲ್ಲ. ಯುಗಾದಿಯಿಂದ ಯುಗಾದಿಗೆ ಎಣಿಸಬೇಕು. ಸ್ವಾತಂತ್ರ್ಯ ಬಂದ 1947ರ ಆಗಸ್ಟೂ ಗಾಂಧೀಜಿ ತೀರಿಕೊಂಡ 1948ರ ಜನವರಿಯೂ ಒಂದೇ ಸರ್ವಜಿತ್ ಸಂವತ್ಸರ. ಬೇರೆ ಗೂಟಗಳೂ ಇವೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ವಂಶಪಾರಂಪರ್ಯದ ಶಾನುಭೋಗಿಕೆ ಹೋದದ್ದು 1963ರಲ್ಲಿ, ಚಿಕ್ಕಮಗಳೂರಿನವರಿಗೆ ಇಂದಿರಾ ಗಾಂಧಿ ಓಟಿಗೆ ನಿಂತದ್ದು 1978ರ ನವೆಂಬರಿನಲ್ಲಿ. ಇವುಗಳ ಹಿಂದೋ ಮುಂದೋ ಎಂದು ಕೇಳಿದರೆ ಸಾಕು. ಪ್ಲೇಗನ್ನು ಗೂಟ ಮಾಡಿಕೊಳ್ಳಬೇಡಿ. 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟದ್ದು ಮತ್ತೆ ಮತ್ತೆ ಬಂತು, ಜನ ಊರು ಬಿಟ್ಟು ಗುಡಿಸಲು ಹಾಕಿದ್ದೂ ಮತ್ತೆ ಮತ್ತೆ. ಅಳತೆಯಲ್ಲೂ ಹಾಗೆಯೇ: ಖಂಡುಗಕ್ಕೆ ಇಪ್ಪತ್ತು ಕೊಳಗ ಸರಿ, ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬೇರೆ, ಅವರನ್ನೇ ಕೇಳಿ ಬರೆದುಕೊಳ್ಳಿ.

ಹೊಯ್ಸಳರ ಕಾಲದ ಊರು ಎನ್ನುವವರಿಗೆ ಒಂದು ಮಾತು. ಶಾಸನ ಇದ್ದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಮುದ್ರಣದ 5ನೇ ಸಂಪುಟದಲ್ಲಿ ಹಾಸನ ಜಿಲ್ಲೆ, 6ರಲ್ಲಿ ಕಡೂರು ಜಿಲ್ಲೆ ನೋಡಿ. ಇಂದಿನ ಚಿಕ್ಕಮಗಳೂರು ಜಿಲ್ಲೆ ಅಲ್ಲಿರುವುದು ಕಡೂರು ಎಂಬ ಹೆಸರಿನಲ್ಲಿ, ಸಕಲೇಶಪುರ ಇರುವುದು ಮಂಜರಾಬಾದ್ ಎಂದು. ಊರ ಹೆಸರು ಸಿಗಲಿಲ್ಲವೆಂದು ಪುಸ್ತಕ ಮುಚ್ಚುವ ಮೊದಲು ಈ ಹೆಸರುಗಳಲ್ಲಿ ಹುಡುಕಿ.

ಊರೇ ಹೋದ ಕಡೆ ಈ ಕೆಲಸ ಇನ್ನೂ ತುರ್ತಿನದು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಲೇಡಿಬೋವರ್ ಜಲಾಶಯ ಕಟ್ಟಿದಾಗ ಡರ್ವೆಂಟ್, ಆಶಪ್ಟನ್ ಎಂಬ ಎರಡು ಹಳ್ಳಿ ಮುಳುಗಿದವು. ಡರ್ವೆಂಟ್ ಚರ್ಚಿನ ಗೋಪುರ 1947ರವರೆಗೆ ನೀರಿನ ಮೇಲೆ ನಿಂತಿತ್ತು. ಬರದ ವರ್ಷ ನೀರಿಳಿದರೆ ಡರ್ವೆಂಟಿನ ಗೋಡೆಗಳ ಬುಡ ಈಗಲೂ ಕಾಣುತ್ತದೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವವರು ಬಹಳ. ಆ ಮುಳುಗಡೆ ಊರುಗಳ ಶಾಲೆಗಳಲ್ಲಿ ಸ್ಲೇಟು ಹಿಡಿದು ಕೂತಿದ್ದವರಲ್ಲಿ ಎಳೆಯರಿಗೂ ಈಗ ಐವತ್ತು ದಾಟಿದೆ. ಅವರು ಯಾವ ಯಾವ ಪುನರ್ವಸತಿ ಊರಿಗೆ ಹೋದರು, ಅವರ ದಾಖಲಾತಿ ಪುಸ್ತಕ ಯಾವ ಶಾಲೆಯ ಬೀರು ಸೇರಿತು ಎಂದು ಹುಡುಕಬೇಕಾದವರು ಪಕ್ಕದ ಊರಿನ ಸಂಚಿಕೆ ಸಮಿತಿಯವರೇ.

ಸಂಚಿಕೆ ನೂರು ಪುಟ ಎಂದಿಟ್ಟುಕೊಳ್ಳಿ. ಶುಭಾಶಯಕ್ಕೆ ನಾಲ್ಕು ಪುಟ ಸಾಕು. ಇಪ್ಪತ್ತು ದಾಖಲಾತಿ ಪುಸ್ತಕದ ಎಣಿಕೆಗೆ, ನಲವತ್ತು ಹಿರಿಯರ ಮಾತಿಗೆ, ಎರಡು ಮಡಿಕೆ ಪುಟ ಶಾಲೆಯ ದಾರಿಯ ನಕ್ಷೆಗೆ. ಉಳಿದದ್ದು ಜಾಹೀರಾತಿಗೆ ಇರಲಿ, ಅಚ್ಚಿನ ಖರ್ಚು ಹುಟ್ಟಬೇಕಲ್ಲ. ಮುಗಿದ ಮೇಲೆ ಫೋಟೊ, ಧ್ವನಿ ಎರಡರದ್ದೂ ಒಂದು ಪ್ರತಿ ಶಾಲೆಗೆ, ಒಂದು ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಇಂಥ ಸಂಚಿಕೆಗಳಿಂದ ವಾರಕ್ಕೊಂದು ‘ಶಾಲೆಯ ದಾರಿ’ ಪ್ರಕಟಿಸಿದರೆ ಉಳಿದ ಸಮಿತಿಗಳವರಿಗೂ ಮಾದರಿ ಸಿಕ್ಕೀತು.

ಇತಿಹಾಸದ ನಿವೃತ್ತ ಉಪನ್ಯಾಸಕ,
ಹಾಸನ