ಬಿಪಿ ಚೀಟಿಯಲ್ಲಿ ಕೆಮ್ಮಿಗೂ ಒಂದು ಸಾಲಿರಲಿ

ಮಾನ್ಯ ಸಂಪಾದಕರೇ,

ಮಂಡ್ಯದಲ್ಲಿ ಈಗ ಬಿಪಿ ತಪಾಸಣಾ ಶಿಬಿರಗಳಿಗೆ ಬರವಿಲ್ಲ. 30 ದಾಟಿದವರೆಲ್ಲರ ರಕ್ತದೊತ್ತಡ ನೋಡಬೇಕೆಂಬುದು ಸರ್ಕಾರದ ಕಾರ್ಯಕ್ರಮವೇ ಆಗಿದೆ. ಸಂತೋಷ. ಆದರೆ ತೋಳಿಗೆ ಪಟ್ಟಿ ಸುತ್ತಿ, 140/90 ಮೀರಿದ್ದರೆ ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳುಹಿಸುವಲ್ಲಿಗೆ ಎಷ್ಟೋ ಕಡೆ ಕೆಲಸ ಮುಗಿಯುತ್ತದೆ. ಉಸಿರಾಟ ಹೇಗಿದೆ ಎಂದು ಕೇಳುವವರು ವಿರಳ. ಇದರ ಫಲ ಔಷಧ ಅಂಗಡಿಯಲ್ಲಿ ನಿಂತಿರುವ ನನ್ನಂಥವರ ಕಣ್ಣಿಗೆ ದಿನವೂ ಬೀಳುತ್ತದೆ.

ನಮ್ಮಲ್ಲಿಗೆ ಬರುವ ಹಿರಿಯ ಹೆಂಗಸೊಬ್ಬರು ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ಕೊಂಡಾಗಲೆಲ್ಲ ಜೊತೆಗೆ ಕೆಮ್ಮಿನ ಸಿರಪ್ಪನ್ನೂ ಕೊಳ್ಳುತ್ತಿದ್ದರು. ಕಫವಿಲ್ಲ, ಜ್ವರವಿಲ್ಲ; ಗಂಟಲಲ್ಲಿ ಕೆರೆತ, ರಾತ್ರಿಯೆಲ್ಲ ಒಣಕೆಮ್ಮು. ಎಕ್ಸ್-ರೇ ಆಯಿತು, ಕಫ ಪರೀಕ್ಷೆಯೂ ಆಯಿತು, ಕ್ಷಯವಿಲ್ಲ ಎಂಬ ಸಮಾಧಾನವೂ ಸಿಕ್ಕಿತು. ಕೆಮ್ಮು ಮಾತ್ರ ಹೋಗಲಿಲ್ಲ. 'ಪ್ರಿಲ್' ಎಂದು ಕೊನೆಗೊಳ್ಳುವ ಎನಾಲಾಪ್ರಿಲ್, ರಾಮಿಪ್ರಿಲ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಬ್ರಾಡಿಕೈನಿನ್ ಎಂಬ ವಸ್ತು ಶ್ವಾಸನಾಳದಲ್ಲಿ ಉಳಿದುಕೊಳ್ಳುವಂತೆ ಮಾಡಿ ಕೆಮ್ಮು ತರಿಸುತ್ತವೆ. ಹೆಂಗಸರಲ್ಲಿ ಇದು ಹೆಚ್ಚು. ಮಾತ್ರೆ ಶುರುವಾಗಿ ತಿಂಗಳುಗಳಾದ ಮೇಲೂ ಕಾಣಿಸಿಕೊಳ್ಳಬಹುದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ವೈದ್ಯರು ಟೆಲ್ಮಿಸಾರ್ಟನ್‌ನಂಥ ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕೆಮ್ಮು ನಿಲ್ಲುತ್ತದೆ. ಆ ಹೆಂಗಸಿಗೂ ನಿಂತಿತು. (ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ಬಿಡಬಾರದು, ಬಿಪಿ ಮಾತ್ರೆಯನ್ನು ಏಕಾಏಕಿ ಬಿಡುವುದು ಕೆಮ್ಮಿಗಿಂತ ಅಪಾಯಕಾರಿ.)

ಇನ್ನೂ ವಿಚಿತ್ರವೆಂದರೆ, ಕೆಮ್ಮು ನೆಗಡಿಗೆಂದು ಚೀಟಿಯಿಲ್ಲದೆ ಕೊಳ್ಳುವ ಎಷ್ಟೋ ಔಷಧಗಳಲ್ಲಿ ಫೀನೈಲೆಫ್ರಿನ್ ಇರುತ್ತದೆ. ಅದು ರಕ್ತನಾಳಗಳನ್ನು ಬಿಗಿಗೊಳಿಸಿ ಬಿಪಿ ಏರಿಸಬಲ್ಲದು. ಬಿಪಿ ಮಾತ್ರೆಯಿಂದ ಕೆಮ್ಮು, ಕೆಮ್ಮಿನ ಔಷಧದಿಂದ ಮತ್ತೆ ಬಿಪಿ! ಕೇಳಿದವರಿಗೆಲ್ಲ ಬಾಟಲಿ ಎತ್ತಿಕೊಡುವ ನಮ್ಮ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು. ಬಿಪಿಗೆ ಕೊಡುವ ಮತ್ತೊಂದು ಮಾತ್ರೆ ಪ್ರೊಪ್ರಾನೊಲೋಲ್‌ನದು ಬೇರೆಯೇ ಕಥೆ. ಉಬ್ಬಸವಿರುವವರಿಗೆ ಅದನ್ನು ಕೊಟ್ಟರೆ ಶ್ವಾಸನಾಳ ಸೆಟೆದುಕೊಂಡು ಜೀವಕ್ಕೇ ಸಂಚಕಾರ ಬರಬಹುದು.

ಮಾತ್ರೆಯ ಮಾತು ಹಾಗಿರಲಿ. ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ ಹೃದಯದ ಎಡಗೋಣೆಯ ಗೋಡೆಯನ್ನು ದಪ್ಪವಾಗಿಸುತ್ತದೆ. ಹೃದಯ ಸೋತಾಗ ಒತ್ತಡ ಹಿಂದಕ್ಕೆ ತಿರುಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ಹಗುರಾಗುತ್ತದೆ, ಒಂದು ದಿಂಬಿದ್ದಲ್ಲಿ ಮೂರು ಬೇಕಾಗುತ್ತವೆ. ಇದನ್ನು ಉಬ್ಬಸವೆಂದೇ ತಿಳಿದು ಸಾಲ್ಬುಟಮಾಲ್ ಮಾತ್ರೆ ಕೇಳಿಕೊಂಡು ಬರುವವರಿದ್ದಾರೆ. ಅವರು ಹೋಗಬೇಕಾದದ್ದು ಹೃದಯದ ವೈದ್ಯರ ಬಳಿಗೆ.

ನಮ್ಮ ಜಿಲ್ಲೆಯ ವಿಷಯದಲ್ಲಿ ಇದಕ್ಕೆ ಮತ್ತಷ್ಟು ತೂಕವಿದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ತಳ್ಳುತ್ತಾ ಉರಿಯ ಮುಂದೆಯೇ ಆಯಸ್ಸು ಕಳೆದವರು, ಸೌದೆ ಒಲೆ ಊದಿದ ತಾಯಂದಿರು, ಬೀಡಿ ಬಿಡದ ಯಜಮಾನರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಹೊಗೆ ಶ್ವಾಸಕೋಶವನ್ನು ಕೆಡಿಸಿ ಸುಮ್ಮನಾಗುವುದಿಲ್ಲ, ರಕ್ತನಾಳಗಳನ್ನೂ ಹಾಳುಮಾಡುತ್ತದೆ. ಹೀಗಾಗಿ ಎರಡೂ ತೊಂದರೆ ಒಬ್ಬರಲ್ಲೇ ಇರುವುದು ಅಪರೂಪವಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಂದರೆ 'ವಯಸ್ಸಾಯಿತಲ್ಲ' ಎಂದು ಅವರೇ ಸಮಾಧಾನ ಮಾಡಿಕೊಳ್ಳುತ್ತಾರೆ.

ಹಾಗಾಗಿ ಶಿಬಿರ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಒಣಕೆಮ್ಮು ಇದೆಯೇ, ಮಲಗಿದರೆ ದಮ್ಮು ಕಟ್ಟುತ್ತದೆಯೇ, ಹೊಗೆಯಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳಿ, ಉತ್ತರವನ್ನು ಬಿಪಿ ಅಂಕಿಯ ಪಕ್ಕದಲ್ಲೇ ಬರೆಯಿರಿ. ಅನುಮಾನ ಬಂದವರನ್ನು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಗೋ ಹೃದಯದ ಎಕೋ ಸ್ಕ್ಯಾನಿಗೋ ಕಳುಹಿಸಿ. ಚೀಟಿಯ ಹಿಂಬದಿಯಲ್ಲಿ ಪ್ರಾಯೋಜಕರ ಭಾವಚಿತ್ರಗಳಿಗೆ ಸಿಗುವ ಜಾಗದಲ್ಲಿ ಈ ಮೂರು ಪ್ರಶ್ನೆಗಳು ಧಾರಾಳವಾಗಿ ಹಿಡಿಸುತ್ತವೆ.

– ಔಷಧ ವ್ಯಾಪಾರಿ, ಮಂಡ್ಯ