ಎಂಟನೇ ಚೌಕದ ಹುಡುಗಿ

ಪ್ರೀತಿಯ ಪುಟ್ಟಿ,

ನೀನು ಕೇಳಿದ ಪಟ್ಟಿ ಬೇರೆ ಹಾಳೆಯಲ್ಲಿದೆ. 1993ರಲ್ಲಿ ನಾನು ಈ ಶಾಲೆಗೆ ಸೇರಿದಾಗಿನಿಂದ ನನ್ನ ಹತ್ತಿರ ಖೋ ಖೋ ಆಡಿದ ಹುಡುಗಿಯರಲ್ಲಿ, ಹಳೇ ಹಾಜರಿ ಪುಸ್ತಕಗಳಲ್ಲಿ ಸಿಕ್ಕವರ ಹೆಸರು, ಊರು, ಗೊತ್ತಿದ್ದಷ್ಟು ಫೋನ್ ನಂಬರ್ ಬರೆದಿದ್ದೇನೆ. ನನ್ನ ನಿವೃತ್ತಿಯ ದಿನ ಅವರನ್ನೆಲ್ಲ ಸೇರಿಸಬೇಕು ಅಂದೆಯಲ್ಲ, ಕೇಳಿ ಖುಷಿಯಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಬೇಡ, ಅವರು ಬಂದರೆ ಸಾಕು.

ಪಟ್ಟಿ ಬರೆಯುತ್ತಾ ಕೂತಾಗ ಒಂದು ಗೊತ್ತಾಯಿತು. ಹೆಸರು ಓದಿದ ತಕ್ಷಣ ಎಷ್ಟೋ ಜನರ ಮುಖ ಬರುವುದಿಲ್ಲ, ಬೆನ್ನು ಬರುತ್ತದೆ. ನಾನು ನಿಲ್ಲುತ್ತಿದ್ದದ್ದು ಹುಣಸೆಮರದ ಕಡೆಯ ಗೆರೆಯ ಹೊರಗೆ, ನಿನಗೆ ನೆನಪಿರಬೇಕು. ಚೇಸಿಂಗ್‌ನಲ್ಲಿ, ಅಂದರೆ ಅಟ್ಟಿಸಿ ಮುಟ್ಟುವ ಸರದಿಯಲ್ಲಿ, ಎಂಟು ಜನ ಚೌಕಗಳಲ್ಲಿ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿ ಕೂರುತ್ತಾರೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ನಾಲ್ಕು ಮುಖ, ನಾಲ್ಕು ಬೆನ್ನು. ನಾನು ನೋಡುತ್ತಿದ್ದದ್ದು ಬೆನ್ನುಗಳನ್ನೇ. ಹಿಂದಿನಿಂದ ಓಡಿ ಬರುವವಳು ಬೆನ್ನು ಮುಟ್ಟಿ 'ಖೋ' ಅನ್ನುವ ತನಕ ಏಳುವ ಹಾಗಿಲ್ಲ, ಎದ್ದರೆ ಫೌಲ್. ಆದರೆ ಚೆನ್ನಾಗಿ ಆಡುವವಳ ಹೆಗಲು ಅದಕ್ಕಿಂತ ಮುಂಚೆಯೇ ಸಿದ್ಧವಾಗಿರುತ್ತೆ. ಯೂನಿಫಾರ್ಮಿನ ಬಟ್ಟೆ ಹೆಗಲ ಹತ್ತಿರ ಸ್ವಲ್ಪ ಬಿಗಿಯಾಗುತ್ತೆ. ಅದನ್ನು ನೋಡಿಯೇ ನಾನು ಯಾರನ್ನು ಎಷ್ಟನೇ ಚೌಕದಲ್ಲಿ ಕೂರಿಸಬೇಕು ಅಂತ ತೀರ್ಮಾನ ಮಾಡುತ್ತಿದ್ದೆ. ಹಾಗಾಗಿ ಪಟ್ಟಿಯಲ್ಲಿ ಹೆಸರಿನ ಪಕ್ಕ ಬರೆದಿರುವ ಅಂಕಿ ರೋಲ್ ನಂಬರ್ ಅಲ್ಲ, ಅವರು ಕೂರುತ್ತಿದ್ದ ಚೌಕ.

1998ರ ಸಾಲಿನಲ್ಲಿ ಎರಡನೇ ಚೌಕ ಅಂತ ಇರುವವಳಿಗೆ ಮೊದಲು ಫೋನ್ ಮಾಡು. ಅವಳಿಗೆ ಧ್ವನಿಯೇ ಇರಲಿಲ್ಲ ಕಣೇ. ತರಗತಿಯಲ್ಲಿ ಹಾಜರಿ ಕೂಗಿದರೆ ತುಟಿ ಅಲ್ಲಾಡುತ್ತಿತ್ತು ಅಷ್ಟೇ. ಓಟ ಮಾತ್ರ ಜಿಂಕೆಯದು. ಅವಳು ಖೋ ಕೊಟ್ಟದ್ದು ಕೂತವಳಿಗೆ ಕೇಳಿಸುತ್ತಿರಲಿಲ್ಲ, ಅಂಪೈರ್‌ಗೂ ಕೇಳಿಸುತ್ತಿರಲಿಲ್ಲ. ಒಂದು ತಿಂಗಳು ಸಂಜೆ ಹೊತ್ತು ಅವಳನ್ನು ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಕರೆದುಕೊಂಡು ಹೋದೆ. ನಾನು ಈ ದಡ, ಅವಳು ಆ ದಡ. ನೀರು ತುಂಬಿ ಹರಿಯುವ ಸದ್ದಿನಲ್ಲಿ ಅವಳು ಖೋ ಅಂದದ್ದು ನನಗೆ ಕೇಳಿಸಿದರೆ ಮಾತ್ರ ಕೈ ಎತ್ತುತ್ತಿದ್ದೆ. ಮೊದಲ ವಾರ ಕೈ ಎತ್ತಲೇ ಇಲ್ಲ. ಆಮೇಲೊಂದು ದಿನ, ಕಬ್ಬಿನ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವರು ತಲೆಯೆತ್ತಿ ನೋಡುವ ಹಾಗೆ ಕೂಗಿದಳು. ಈಗ ಅವಳು ಗ್ರಾಮಸಭೆಯಲ್ಲಿ ಎದ್ದು ನಿಂತು ಕುಡಿಯುವ ನೀರಿಗಾಗಿ ಜಗಳ ಆಡುತ್ತಾಳಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

2003ರಲ್ಲಿ ಜಿಲ್ಲೆಗೆ ಮೊದಲು ಬಂದು ಮೈಸೂರು ವಿಭಾಗಮಟ್ಟಕ್ಕೆ ಹೋದ ತಂಡದ ಫೋಟೋ ಶಾಲೆಯ ಗೋಡೆ ಮೇಲಿದೆ. ಅವರು ಹೇಗೂ ಬರುತ್ತಾರೆ.

ಆ ಕಾಲದಲ್ಲಿ ನಮಗೆ ದೊಡ್ಡ ತೊಂದರೆ ಆಗಿದ್ದದ್ದು ಎದುರಾಳಿ ತಂಡ ಅಲ್ಲ, ಸಂಜೆ ಐದರ ಬಸ್ಸು. ಅದು ತಪ್ಪಿದರೆ ದೂರದ ಹಳ್ಳಿಯವರಿಗೆ ಮನೆ ಸೇರುವ ದಾರಿಯಿಲ್ಲ. ಬೆಲ್ ಹೊಡೆದ ಮೇಲೆ ಅಂಕಣಕ್ಕೆ ಸುಣ್ಣ ಹಾಕುವಷ್ಟರಲ್ಲಿ ಅರ್ಧ ತಂಡ ಬ್ಯಾಗು ಹೆಗಲಿಗೇರಿಸುತ್ತಿತ್ತು. 2006ರಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಆರು ಗಂಟೆವರೆಗೂ ಆಡಿ, ಐದಾರು ಜನ ಒಟ್ಟಿಗೆ ಬೆಲ್ ಬಾರಿಸಿಕೊಂಡು ಹೋಗುತ್ತಿದ್ದರು. ಸೈಕಲ್ ಬಂದದ್ದು ಓದಿಗೆ ಅಂತ ಎಲ್ಲರೂ ಹೇಳುತ್ತಾರೆ. ಆಟಕ್ಕೆ ಅದರಿಂದ ಎಷ್ಟು ಆಯಿತು ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. 2009ರ ಪಟ್ಟಿಯಲ್ಲಿರುವ ರನ್ನರ್, ಈಗ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದಾಳಲ್ಲ, ಅವಳು ಸೈಕಲ್ ಇಲ್ಲದಿದ್ದರೆ ಒಂದು ದಿನವೂ ಅಭ್ಯಾಸಕ್ಕೆ ನಿಲ್ಲುತ್ತಿರಲಿಲ್ಲ. 9 ನಿಮಿಷದ ಸರದಿಯಲ್ಲಿ ಮೊದಲ ಬ್ಯಾಚಿಗೆ ಇಳಿದು, ಜೊತೆಯ ಇಬ್ಬರೂ ಔಟಾದ ಮೇಲೆ ಒಬ್ಬಳೇ ನಾಲ್ಕು ನಿಮಿಷ ಓಡಿದವಳು. ಚೇಸ್ ಮಾಡುವವಳು ಒಂದು ದಿಕ್ಕು ಹಿಡಿದರೆ ಸಾಲಿನ ತುದಿಯ ಕಂಬ ಮುಟ್ಟುವ ತನಕ ತಿರುಗುವಂತಿಲ್ಲ, ಓಡುವವಳಿಗೆ ಆ ಕಟ್ಟಳೆ ಇಲ್ಲ. ಈ ಒಂದು ವ್ಯತ್ಯಾಸವನ್ನು ಅವಳಷ್ಟು ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಕಳೆದ ಸಲ ನೀನು ಬಂದಾಗ ಹೇಳಿದೆನೋ ಇಲ್ಲವೋ, 2025ರ ಜನವರಿ 19, ಭಾನುವಾರ, ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್ ನಡೆಯುತ್ತಿತ್ತು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಲ್ಲಿ ಸೋಲಿಸಿದರು. ಅದರಲ್ಲಿ ಪಕ್ಕದ ಜಿಲ್ಲೆಯ ಹುಡುಗಿ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಕೊನೆಯ ಸರದಿಯಲ್ಲಿ ಅವಳ ಬ್ಯಾಚು ಐದು ನಿಮಿಷಕ್ಕೂ ಮೀರಿ ಪೂರಾ ಔಟಾಗದೆ ಓಡಿತು. ಮ್ಯಾಟಿನ ಮೇಲೆ ಆಟ, ಮೇಲೆ ಅಷ್ಟೊಂದು ದೀಪ. ನಾನು ಟಿವಿ ಮುಂದೆ ನಿಂತೇ ನೋಡಿದೆ, ಕೂರಲು ಆಗಲಿಲ್ಲ. ಆಟ ಮುಗಿಯುವ ಮೊದಲೇ ಫೋನ್ ಶುರುವಾಯಿತು. "ಮಿಸ್, ನೋಡ್ತಿದ್ದೀರಾ?" "ಮಿಸ್, ಆ ಡಾಡ್ಜ್ ನೀವು ಹೇಳಿಕೊಟ್ಟಿದ್ದೇ ಅಲ್ವಾ?" ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸಿನಿಂದ ಮನೆಗೆ ಬಂದು ಬಟ್ಟೆ ಒಗೆಯುತ್ತಾ, ಇನ್ನೊಬ್ಬಳು ಬಾಣಂತಿ ಕೋಣೆಯಿಂದ. ರಾತ್ರಿ ಹನ್ನೊಂದರವರೆಗೆ ಹದಿನಾಲ್ಕು ಜನ ಮಾತಾಡಿದರು.

ಅವಳು ಮಾಡಲಿಲ್ಲ. ಮಾಡುವುದೂ ಇಲ್ಲ. ಪಟ್ಟಿಯಲ್ಲಿ 2005, ಎಂಟನೇ ಚೌಕ ಅಂತ ಇದೆ, ಫೋನ್ ನಂಬರ್ ಜಾಗ ಖಾಲಿ ಇದೆ.

ನಿನಗೆ ಆಗ ಒಂಬತ್ತು ವರ್ಷ. ನೀನು ಹುಣಸೆಮರದ ಕೆಳಗೆ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ತಾಲ್ಲೂಕು ಕ್ರೀಡಾಕೂಟಕ್ಕೆ ಮೂರು ದಿನ ಇತ್ತು. ಕಂಬದ ಪಕ್ಕದ ಚೌಕದವಳು ಪೋಲ್ ಡೈವ್ ಕಲಿಯಲೇಬೇಕು. ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ಪೂರಾ ಚಾಚಿ, ನೆಲದ ಮೇಲೆ ಎದೆ ಊರುವ ಹಾಗೆ ಬಿದ್ದು ಓಡುವವಳನ್ನು ಮುಟ್ಟಬೇಕು. ಅದಕ್ಕೆ ಹಿಂದಿನ ಸಂಜೆಯೇ ಕಂಬದ ಸುತ್ತ ಮಣ್ಣು ಅಗೆದು, ಕಲ್ಲು ಆರಿಸಿ, ನಾಲೆಯಿಂದ ಬಿಂದಿಗೆಯಲ್ಲಿ ನೀರು ತಂದು ನೆನೆಸುತ್ತಿದ್ದೆವು. ಆ ಸಂಜೆ ನೆನೆಸಲಿಲ್ಲ. ಹೊತ್ತಾಗುತ್ತೆ, ಒಂದು ದಿನಕ್ಕೆ ಏನಾಗುತ್ತೆ ಅಂದುಕೊಂಡು ನಾನೇ ಹುಡುಗಿಯರನ್ನು ಮನೆಗೆ ಕಳಿಸಿದೆ. ಮಾರನೇ ದಿನ ನೆಲ ಗಾರೆ ಹಾಗೆ ಗಟ್ಟಿಯಾಗಿತ್ತು. ಹುಡುಗಿ ಎರಡು ಸಲ ಹಿಂಜರಿದಳು. ಮೂರನೇ ಸಲ ನಾನು ಗದರಿದೆ.

ಕಾಲರ್ ಬೋನ್ ಮುರಿದ ಸದ್ದು ನಿನಗೂ ಕೇಳಿಸಿರಬೇಕು. ನೀನು ಅವಳ ಚಪ್ಪಲಿ ಎತ್ತಿಕೊಂಡು ನಮ್ಮ ಹಿಂದೆಯೇ ರಸ್ತೆವರೆಗೆ ಓಡಿಬಂದಿದ್ದೆ.

ನಾನು ಯಾರಿಗೂ ಹೇಳದೆ ಇಟ್ಟುಕೊಂಡಿರುವುದು ಅದರ ನಂತರದ್ದು. ಮಂಡ್ಯಕ್ಕೆ ಹೋಗುವ ಆಟೋದಲ್ಲಿ ಅವಳು ಅಳುತ್ತಾ, "ಮಿಸ್, ನಾನು ಕೈ ತಪ್ಪಾಗಿ ಹಾಕಿದ್ನಾ?" ಅಂತ ಕೇಳಿದಳು. ನಾನು ಹೂಂ ಅಂದೆ. ಭಯಕ್ಕೆ ಅಂದೆನೋ, ನನ್ನನ್ನು ಉಳಿಸಿಕೊಳ್ಳಲು ಅಂದೆನೋ, ಅಂದದ್ದಂತೂ ನಿಜ. ಸಂಜೆ ಶಾಲೆಯ ಪುಸ್ತಕದಲ್ಲಿ 'ಆಡುವಾಗ ಜಾರಿ ಬಿದ್ದಳು' ಅಂತ ಬರೆದೆ. ಅವಳಪ್ಪ ಬಂದು, "ಬುಡಿ ಮೇಡಮ್ನೋರೆ, ನೀವೇನ್ ಬೇಕು ಅಂತ ಮಾಡುದ್ರಾ" ಅಂತ ನನಗೇ ಸಮಾಧಾನ ಹೇಳಿ ಮಗಳನ್ನು ಕರೆದುಕೊಂಡು ಹೋದರು. ಮೂಳೆ ಕೂಡಿತು. ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಶಾಲೆಗೆ ಬಂದಳು, ಆದರೆ ಅಂಕಣದ ಕಡೆ ತಿರುಗಿ ನೋಡಲಿಲ್ಲ. ಪಿಟಿ ಪೀರಿಯಡ್ಡಿನಲ್ಲಿ ಬಿಸಿಯೂಟದ ಕೋಣೆ ಹತ್ತಿರ ಕೂತಿರುತ್ತಿದ್ದಳು. "ನಂಗೆ ಡೈವ್ ಬರಲ್ಲ" ಅಂತ ಗೆಳತಿಯರಿಗೆ ಹೇಳುತ್ತಿದ್ದದ್ದು ಒಮ್ಮೆ ನನ್ನ ಕಿವಿಗೆ ಬಿತ್ತು. ಅವಳಷ್ಟು ಚೆನ್ನಾಗಿ ಡೈವ್ ಮಾಡುವವಳು ಆಮೇಲೆ ನನಗೆ ಸಿಗಲೇ ಇಲ್ಲ, ಪುಟ್ಟಿ.

ಅಂದಿನಿಂದ ಇವತ್ತಿನವರೆಗೆ ನಾನೇ ಕಂಬದ ಹತ್ತಿರ ಹೋಗಿ ಹಿಮ್ಮಡಿ ಊರಿ ನೋಡದೆ ಯಾರನ್ನೂ ಡೈವ್ ಮಾಡಿಸಿಲ್ಲ. ಹಿಮ್ಮಡಿಯ ಅಚ್ಚು ಬಿದ್ದರೆ ಆಟ, ಬೀಳದಿದ್ದರೆ ಮೊದಲು ನೀರು. ಹುಡುಗಿಯರು ಅದನ್ನು ಮಿಸ್ಸಿನ ಅಭ್ಯಾಸ ಅಂದುಕೊಂಡಿದ್ದಾರೆ.

ಅವಳನ್ನು ಪಾಂಡವಪುರದ ಹತ್ತಿರದ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದಾರೆ. ಊರಿನ ಹೆಸರು ಪಟ್ಟಿಯಲ್ಲಿದೆ. ಹಾಲಿನ ಡೈರಿ ಪಕ್ಕದ ಮನೆ ಅಂತ ಅವಳ ತಂಗಿ ಹೇಳಿದಳು. ಉಳಿದವರಿಗೆಲ್ಲ ನೀನು ಫೋನ್ ಮಾಡು, ವಾಟ್ಸಾಪ್‌ನಲ್ಲಿ ಕಳಿಸು. ಅವಳಿಗೆ ಕಳಿಸಬೇಡ. ಶನಿವಾರ ನೀನು ಬರುತ್ತೀಯಲ್ಲ, ನಿನ್ನ ಸ್ಕೂಟರಿನಲ್ಲಿ ಹೋಗೋಣ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಹೋದರೆ ಮನೆಯಲ್ಲಿ ಸಿಗುತ್ತಾಳೆ. ಸಮಾರಂಭಕ್ಕೆ ಕರೆಯುವುದು ಆಮೇಲೆ. ಅವಳು ಬರಲಿ, ಬಿಡಲಿ. ಮೊದಲು ನಾನು ಅವಳಿಗೆ, ಆ ದಿನ ನೆಲ ನೆನೆಸಿರಲಿಲ್ಲ ಕಣಮ್ಮ, ನಿನ್ನ ಕೈ ಸರಿಯಾಗೇ ಇತ್ತು ಅಂತ ಹೇಳಬೇಕು. ನೀನು ಪಕ್ಕದಲ್ಲಿ ಇರು.

ನಿನ್ನ,
ಅಮ್ಮ