ಸ್ಟುಡಿಯೊದವರ ಹತ್ತಿರ ‘ಬಿಟ್ಟಿ’ ಅಂತ ಹೇಳಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಕೆಲವು ಹುಡುಗರು ಸೇರಿ ನಮ್ಮ ಕಡೆಯ ರೆಕಾರ್ಡಿಂಗ್ ಸ್ಟುಡಿಯೊದವರನ್ನೆಲ್ಲ ಕರೆದು ಒಂದು ಸಭೆ ಮಾಡಿದರು. ಮುಕ್ತ ತಂತ್ರಾಂಶದಲ್ಲೇ, ಅಂದರೆ ಸೋರ್ಸ್ ಕೋಡನ್ನು (ಬರೆದ ಮೂಲ ಸಾಲುಗಳನ್ನು) ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿನಲ್ಲೇ, ಹಾಡು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ ಅನ್ನುವುದು ವಿಷಯ. ಉದ್ದೇಶ ಒಳ್ಳೆಯದು. ಹೋದವರು ನಾಲ್ಕೇ ಜನ, ಅದರಲ್ಲಿ ನಾನೊಬ್ಬ.

ಎರಡು ದಶಕ ಹೊರಗೇ ಇದ್ದ ರಿಯಲ್‌ಟೈಮ್ ಕೋಡ್ (ಕೆಲಸ ತಡವಾಗದೆ ಹೊತ್ತಿಗೆ ಸರಿಯಾಗಿ ಆಗುವಂತೆ ನೋಡಿಕೊಳ್ಳುವಂಥದ್ದು) 2024ರಲ್ಲಿ ಲಿನಕ್ಸ್ ಕರ್ನಲ್ ಒಳಗೆ, ಅಂದರೆ ವಿಂಡೋಸ್ ಬದಲಿಗೆ ಹಾಕುವ ಮುಕ್ತ ತಂತ್ರಾಂಶದ ತಿರುಳಿನೊಳಗೆ, ಬಂತು ಅಂತ ಅರ್ಧ ಗಂಟೆ ವಿವರಿಸಿದರು. ಆಮೇಲೆ ಸ್ವಾತಂತ್ರ್ಯದ ಮಾತು. ಕೊನೆಗೆ, ‘ಇದೆಲ್ಲ ಪೂರ್ತಿ ಬಿಟ್ಟಿ ಸಾರ್!’ ಅಂದರು. ನನ್ನ ಪಕ್ಕ ಕೂತಿದ್ದ ಹಿರಿಯರು ಮೆಲ್ಲಗೆ, ‘ಈಗ ಇರುವುದಕ್ಕೂ ನಾನು ದುಡ್ಡು ಕೊಟ್ಟಿಲ್ಲವಲ್ಲ ಮಾರಾಯ’ ಅಂದರು.

ಅಲ್ಲಿಗೆ ಸಭೆ ಮುಗಿದ ಹಾಗೆ. ಸಣ್ಣ ಊರಿನ ಎಷ್ಟೋ ಸ್ಟುಡಿಯೊಗಳಲ್ಲಿ ಓಡುವುದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಅವರಿಗೆ ಬಿಟ್ಟಿ ಅನ್ನುವುದು ಹೊಸ ಸುದ್ದಿಯೇ ಅಲ್ಲ. ದುಡ್ಡು ಕೊಟ್ಟೇ ಕೊಳ್ಳುವ ದೊಡ್ಡ ಸ್ಟುಡಿಯೊದವರಿಗೆ ಬಿಟ್ಟಿ ಅಂದರೆ ಸುಮ್ನೆ ಅನುಮಾನ ಹುಟ್ಟುತ್ತದೆ, ಅಷ್ಟೇ.

ನಾನು ಆರ್ಡರ್ ಕಡೆಗೆ ಬಂದದ್ದು ಭಾಷಣ ಕೇಳಿ ಅಲ್ಲ. (ಅದು ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ಒಂದು ಮುಕ್ತ ತಂತ್ರಾಂಶದ ಹೆಸರು. ನಮ್ಮ ಹುಡುಗನಿಗೆ ‘ಆರ್ಡರ್ ಓಪನ್ ಮಾಡು’ ಅಂದರೆ ಊಟ ತರಿಸುವ ಆ್ಯಪ್ ತೆರೆದಿದ್ದ.) ಒಂದು ಬಯಲಾಟದ ರೆಕಾರ್ಡಿಂಗ್ ಒಪ್ಪಿಕೊಂಡಿದ್ದೆ. ಹಿಂದಿನ ದಿನ ಸಂಜೆ, ನಾನು ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದ ಸಾಫ್ಟ್‌ವೇರಿನ ಲೈಸೆನ್ಸ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಬೀಗದ ಕೈ, ಅದಿಲ್ಲದೆ ಸಾಫ್ಟ್‌ವೇರ್ ತೆರೆಯುವುದಿಲ್ಲ) ಸತ್ತುಹೋಯಿತು. ಕಂಪನಿಗೆ ಮೇಲ್ ಹಾಕಿದೆ. ಉತ್ತರ ಬಂದದ್ದು ಮೂರು ದಿನದ ಮೇಲೆ. ಮೇಳದವರು ಮೂರು ದಿನ ಕಾಯುತ್ತಾರಾ? ಹಳೆಯ ಲ್ಯಾಪ್‌ಟಾಪಿಗೆ ಆರ್ಡರ್ ಹಾಕಿಕೊಂಡು, ಎಂಟು ಚಾನೆಲ್ಲಿನ ಇಂಟರ್‌ಫೇಸ್ (ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹಿಡಿದು ಗದ್ದೆಗೆ ಹೋದೆ. ಭಾಗವತರಿಗೆ ಒಂದು ಮೈಕು, ಮದ್ದಳೆಗೆ ಎರಡು, ಚೆಂಡೆಗೆ ಒಂದು, ಉಳಿದದ್ದು ರಂಗಸ್ಥಳಕ್ಕೆ. ರಾತ್ರಿ ಹತ್ತಕ್ಕೆ ರೆಕಾರ್ಡ್ ಒತ್ತಿದವನು ಬೆಳಗ್ಗೆ ಆರಕ್ಕೆ ನಿಲ್ಲಿಸಿದೆ. ಒಂದು ಸಲವೂ ತೊದಲಲಿಲ್ಲ.

ಆ ರಾತ್ರಿ ಬಚಾವಾದದ್ದು ಒಂದು ಸಣ್ಣ ಸೆಟ್ಟಿಂಗಿನಿಂದ. ಮಾಮೂಲಿ ವೇವ್ ಫೈಲು 4 ಜಿಬಿ ದಾಟುವುದಿಲ್ಲ. 48 ಕಿಲೋಹರ್ಟ್ಸ್, 32 ಬಿಟ್ ಫ್ಲೋಟ್ ಅನ್ನುವ ಗುಣಮಟ್ಟದಲ್ಲಿ ಒಂದು ಟ್ರ್ಯಾಕು ಗಂಟೆಗೆ ಸುಮಾರು 690 ಎಂಬಿ ತಿನ್ನುತ್ತದೆ. ಅಂದರೆ ಆರು ಗಂಟೆ ಚಿಲ್ಲರೆಗೆ ಫೈಲು ತುಂಬುತ್ತದೆ. ಹತ್ತಕ್ಕೆ ಶುರು ಮಾಡಿದರೆ ನಾಲ್ಕು ಗಂಟೆ ದಾಟುವ ಹೊತ್ತಿಗೆ, ಚೆಂಡೆ ಏರಿರುವಾಗಲೇ ಕೈಕೊಡುತ್ತದೆ! ಆರ್ಡರ್‌ನಲ್ಲಿ ಫೈಲಿನ ಬಗೆಯನ್ನು ಆರ್‌ಎಫ್64 (ದೊಡ್ಡ ಫೈಲಿಗೆಂದೇ ಇರುವ ವೇವ್‌ನ ಬಗೆ) ಅಂತ ಬದಲಿಸಿದರೆ ಆ ಮಿತಿ ಇಲ್ಲ. ಸಭೆ ಮಾಡಿದ ಹುಡುಗರೇ, ಇಂಥದ್ದನ್ನು ಹೇಳಿ. ಕರ್ನಲ್ ಕಥೆ ಆಮೇಲೆ ಹೇಳಿದರಾಯಿತು.

ಇನ್ನೊಂದು. ‘ಮೊದಲು ವಿಂಡೋಸ್ ಬಿಸಾಕಿ’ ಅಂತ ಶುರು ಮಾಡುತ್ತೀರಲ್ಲ, ಅದು ಯಾಕೆ? ಆರ್ಡರ್ ವಿಂಡೋಸ್‌ನಲ್ಲೂ ಓಡುತ್ತದೆ, ಮ್ಯಾಕ್‌ನಲ್ಲೂ ಓಡುತ್ತದೆ. ಕೆಲಸ ನಡೆಯುತ್ತಿರುವ ಯಂತ್ರವನ್ನು ಯಾರೂ ಮುಟ್ಟಲು ಬಿಡುವುದಿಲ್ಲ. ಲಿನಕ್ಸ್‌ಗೆ ಹೋದರೆ ಶ್ರುತಿ ತಿದ್ದುವ ಮೆಲೊಡೈನ್ ಇಲ್ಲ, ವಾದ್ಯಗಳ ಧ್ವನಿ ನುಡಿಸುವ ಕಾಂಟ್ಯಾಕ್ಟ್ ಇಲ್ಲ. ಅರ್ಧ ಶ್ರುತಿಯಲ್ಲಿ ಹಾಡಿ ಹೋದ ಗಾಯಕರನ್ನು ಸರಿ ಮಾಡುವುದು ನಮ್ಮ ದಿನದ ಕೂಲಿ, ಅದನ್ನು ಬಿಟ್ಟು ಬದುಕುವುದು ಹೇಗೆ? ಸಿನಿಮಾದ ಕೆಲಸ ಬಂದರೆ ಪ್ರೊ ಟೂಲ್ಸ್ ಅನ್ನುವ ದುಡ್ಡಿನ ಸಾಫ್ಟ್‌ವೇರಿನ ಸೆಷನ್ನೇ (ಆ ಕೆಲಸದ ಪೂರ್ತಿ ಪ್ರಾಜೆಕ್ಟ್ ಫೈಲು) ಬರುತ್ತದೆ. ಆರ್ಡರ್ ಅದರಿಂದ ಆಡಿಯೊ ತುಣುಕುಗಳನ್ನು ತಕ್ಕಮಟ್ಟಿಗೆ ಎಳೆದುಕೊಳ್ಳುತ್ತದೆ, ಪ್ಲಗಿನ್ (ಧ್ವನಿ ತಿದ್ದಲು ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಸೆಟ್ಟಿಂಗುಗಳನ್ನಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಉಳಿದ ಮಾತನ್ನು ಜನ ನಂಬುತ್ತಾರೆ. ಮುಚ್ಚಿಟ್ಟರೆ ಎರಡನೇ ದಿನ ಅವರಿಗೇ ಗೊತ್ತಾಗುತ್ತದೆ, ಮೂರನೇ ದಿನ ಡಿಲೀಟ್.

ಬಿಟ್ಟಿ ಅನ್ನುವುದೂ ಪೂರ್ತಿ ಸರಿಯಲ್ಲ. ಆರ್ಡರ್‌ನ ಸೋರ್ಸ್ ಕೋಡ್ ಬಿಟ್ಟಿ. ಅವರ ಜಾಲತಾಣದಿಂದ ತಯಾರಾದ ಪ್ರತಿ ಬೇಕೆಂದರೆ ಒಂದಿಷ್ಟು ದುಡ್ಡು ಕೊಡಬೇಕು. ಇದನ್ನು ಶುರು ಮಾಡಿದ ಪಾಲ್ ಡೇವಿಸ್ ಹೊಟ್ಟೆಪಾಡು ನಡೆಯುವುದು ಅದರಿಂದಲೇ. ನನಗಂತೂ ಇದು ಹೆಚ್ಚು ಮರ್ಯಾದೆಯ ವ್ಯವಹಾರ ಅನ್ನಿಸಿತು. ನ್ಯಾಶ್‌ವಿಲ್‌ನ ಹ್ಯಾರಿಸನ್, ದೊಡ್ಡ ದೊಡ್ಡ ಸ್ಟುಡಿಯೊಗಳಿಗೆ ಮಿಕ್ಸಿಂಗ್ ಕನ್ಸೋಲ್ ಮಾಡಿಕೊಟ್ಟ ಕಂಪನಿ, 2009ರಲ್ಲಿ ಮಿಕ್ಸ್‌ಬಸ್ ಅನ್ನುವ ತನ್ನ ಸಾಫ್ಟ್‌ವೇರ್ ತಂದಾಗ ಒಳಗೆ ಇಟ್ಟದ್ದು ಇದೇ ಆರ್ಡರ್. ಹ್ಯಾರಿಸನ್ ಹೆಸರು ಕೇಳಿದರೆ ನಮ್ಮ ಹಿರಿಯ ಎಂಜಿನಿಯರುಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಸಭೆಯಲ್ಲಿ ಆ ಹೆಸರೇ ಬರಲಿಲ್ಲ. ಹಾಗೇ ರೀಪರ್ ಅನ್ನುವ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಮುಕ್ತ ತಂತ್ರಾಂಶ ಅಂತ ಯಾರೋ ಹೇಳಿದರು, ಅಲ್ಲ. ಅದು ಅಗ್ಗ, ಒಳ್ಳೆಯದು, ಆದರೆ ಅದರ ಸೋರ್ಸ್ ಕೋಡ್ ನಮ್ಮ ಕೈಗೆ ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಹಳೆಯ ಕೆಲಸದ ವಿಷಯ. 2008ರಲ್ಲಿ ಒಬ್ಬ ಅಜ್ಜಿಯ ಹತ್ತಿರ ಕುಂದಾಪ್ರ ಕನ್ನಡದ ಶೋಭಾನೆ ಹಾಡುಗಳನ್ನು ರೆಕಾರ್ಡ್ ಮಾಡಿದ್ದೆ. ಅಜ್ಜಿ ಈಗಿಲ್ಲ. ಹಾರ್ಡ್ ಡಿಸ್ಕ್ ಇದೆ, ಆ ಪ್ರಾಜೆಕ್ಟ್ ತೆರೆಯುವ ಸಾಫ್ಟ್‌ವೇರ್ ಇಲ್ಲ. ಧ್ವನಿಯ ತುಂಡುಗಳೇನೋ ನೂರಾರು ಬಿದ್ದಿವೆ, ಯಾವುದರ ಹಿಂದೆ ಯಾವುದು ಅಂತ ಗೊತ್ತಿಲ್ಲ. ಆರ್ಡರ್‌ನ ಸೆಷನ್ ಫೈಲು ಎಕ್ಸ್‌ಎಂಎಲ್, ಅಂದರೆ ನೋಟ್‌ಪ್ಯಾಡಿನಲ್ಲಿ ತೆರೆದರೂ ಯಾವ ತುಂಡು ಎಲ್ಲಿ ಅಂತ ಓದಬಹುದು. ನಾಳೆ ಆರ್ಡರ್ ಇಲ್ಲದಿದ್ದರೂ ಓದಬಹುದು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆ ಹಾಡು ಸಂಗ್ರಹಿಸುವಾಗ ಬರೀ ಮಿಕ್ಸ್ ಆದ ಫೈಲು ಸಾಕು ಅನ್ನದೆ, ಬೇರೆ ಬೇರೆ ಟ್ರ್ಯಾಕುಗಳೂ ಓದಲು ಬರುವಂಥ ಸೆಷನ್ನೂ ಬೇಕು ಅಂತ ಕರಾರಿನಲ್ಲೇ ಬರೆದುಬಿಟ್ಟರೆ, ನೂರು ಸಭೆ ಮಾಡಿದರೂ ಆಗದ್ದು ಆಗುತ್ತದೆ. ಕೆಲಸ ಬೇಕಾದ ಸ್ಟುಡಿಯೊದವರು ತಾವೇ ಕಲಿಯುತ್ತಾರೆ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತಂತ್ರಾಂಶ ಗೊತ್ತು, ನಮ್ಮ ಕೋಣೆ ಗೊತ್ತಿಲ್ಲ. ಗಾಯಕರಿಗೆ ಹೆಡ್‌ಫೋನಿನಲ್ಲಿ ತಮ್ಮದೇ ಧ್ವನಿ ತಡವಾಗಿ ಕೇಳಿದರೆ ಹೇಗೆ ಮುಖ ಸಿಂಡರಿಸುತ್ತಾರೆ ಅಂತ ಅವರು ನೋಡಿಲ್ಲ. ಹಾಗಾಗಿ ಕರೆಯುತ್ತಿದ್ದೇನೆ. ನವೆಂಬರಿನಲ್ಲಿ ಮೇಳಗಳ ತಿರುಗಾಟ ಶುರುವಾಗುತ್ತದೆ. ಒಂದು ರಾತ್ರಿ ಲ್ಯಾಪ್‌ಟಾಪ್ ತಗೊಂಡು ಬನ್ನಿ. ಇಂಟರ್‌ಫೇಸ್, ಮೈಕು, ಕೇಬಲ್ಲು ನನ್ನವು. ನಾಲ್ಕು ಗಂಟೆಗೆ ನಿದ್ದೆ ಬಂದರೆ ಚಹಾ ಕೂಡ ನನ್ನದೇ.

— ಸ್ಟುಡಿಯೊ ನಡೆಸುವ ಓದುಗ, ಕುಂದಾಪುರ